ಓದುವ ರಾಗ, ಕೇಳುವ ರಾಗ

ಎಸ್.ಎಲ್. ಭೈರಪ್ಪನವರ ‘ಮಂದ್ರ’ 2001ರಲ್ಲಿ ಪ್ರಕಟವಾಯಿತು. ಹಿಂದೂಸ್ತಾನಿ ಗಾಯಕ ಮೋಹನಲಾಲನ ಸಾಧನೆ, ಅವನ ಕೀರ್ತಿ, ಅವನ ಬಾಳಿನೊಳಕ್ಕೆ ಬಂದು ನೊಂದ ಹೆಂಗಸರು, ಇಷ್ಟನ್ನೂ ಹೊತ್ತ ದೊಡ್ಡ ಕಾದಂಬರಿ ಅದು. ಓದಿ ಮುಗಿಸಿದವರಲ್ಲಿ ಎಷ್ಟೋ ಜನಕ್ಕೆ ಒಂದು ಆಸೆ ಹುಟ್ಟುತ್ತದೆ: ಇಷ್ಟು ದಿನ ಅಕ್ಷರದಲ್ಲಿ ಓದಿದ ಈ ಸಂಗೀತವನ್ನು ಒಮ್ಮೆಯಾದರೂ ಕಿವಿಯಾರೆ ಕೇಳಬೇಕು. ಸಾಹಿತ್ಯ ವಿದ್ವಾಂಸರು ಈ ಆಸೆಗೆ ಬೆಂಬಲ ಕೊಡಬೇಕೆ? ಕಾದಂಬರಿಕಾರರ ಕೃತಿಗಳಿಗೆ ಸಂಬಂಧಿಸಿದ ಸಂಗೀತವನ್ನು ವೇದಿಕೆಯ ಮೇಲೆ ಹಾಡಿಸಿ, ತಾವೂ ಪಕ್ಕದಲ್ಲಿ ಕೂತು ವಿವರಿಸಿ, ಇದೂ ಸಾಹಿತ್ಯದ ಕೆಲಸವೇ ಎನ್ನಬೇಕೆ? ಇಲ್ಲ, ಕಾದಂಬರಿಯನ್ನು ಓದಿಗೆ ಬಿಟ್ಟು ಹಾಡನ್ನು ಹಾಡುವವರಿಗೆ ಬಿಡುವುದೇ ಸರಿಯೆ?

2025ರ ಸೆಪ್ಟೆಂಬರ್ 24ರಂದು ಭೈರಪ್ಪನವರು ತೀರಿಕೊಂಡರು. ಲೇಖಕರು ಇದ್ದಾಗ ಅವರ ಕೃತಿಯನ್ನು ಯಾವ ರೂಪಕ್ಕೆ ತಂದರೂ ಹೌದು, ಅಲ್ಲ ಎನ್ನಲು ಅವರೇ ಇರುತ್ತಾರೆ. ಅವರು ಹೋದ ಮೇಲೆ ಆ ಹೊಣೆ ಓದುಗರ ಮೇಲೂ ವಿದ್ವಾಂಸರ ಮೇಲೂ ಬೀಳುತ್ತದೆ. ಆದ್ದರಿಂದ ಈಗ ಈ ಪ್ರಶ್ನೆಯನ್ನು ಎರಡೂ ಕಡೆಯಿಂದ ತೂಗಿ ನೋಡುವುದು ಅಗತ್ಯ.

ಬೋರನಕಣಿವೆಯ ನೆಲದಲ್ಲಿ ನಿಂತು ಇದನ್ನು ಕೇಳುವುದಕ್ಕೂ ಕಾರಣವಿದೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ, ಹುಳಿಯಾರಿನ ಕಡೆ, ಸುವರ್ಣಮುಖಿಗೆ ಅಡ್ಡಲಾಗಿ ಮೈಸೂರು ಅರಸರ ಕಾಲದಲ್ಲಿ ಕಟ್ಟಿದ ಜಲಾಶಯ ಇದು. ಇಲ್ಲಿಂದ ಕೋಡಿ ಬಿದ್ದ ನೀರು ಹಿರಿಯೂರಿನ ಕಡೆಗೆ, ಅಂದರೆ ಚಿತ್ರದುರ್ಗದ ಸೀಮೆಗೆ ಹರಿಯುತ್ತದೆ. ಆ ಸೀಮೆ ತ.ರಾ. ಸುಬ್ಬರಾಯರದು. ಸಂಗೀತಗಾರನೊಬ್ಬನ ಬಾಳನ್ನೇ ವಸ್ತುವಾಗಿಟ್ಟುಕೊಂಡ ‘ಹಂಸಗೀತೆ’ ಎಂಬ ಕಾದಂಬರಿಯನ್ನು ಅವರು 1952ರಲ್ಲಿ ಕೊಟ್ಟರು. ದಕ್ಷಿಣಕ್ಕೆ ತಿರುಗಿ ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆಯ ತೆಂಗಿನ ತೋಟಗಳನ್ನು ದಾಟಿದರೆ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರ, ಭೈರಪ್ಪನವರ ಹುಟ್ಟೂರು. ಕನ್ನಡದಲ್ಲಿ ಸಂಗೀತವನ್ನು ಕಾದಂಬರಿಯ ಜೀವವಾಗಿಸಿದ ಎರಡು ಮುಖ್ಯ ಕೃತಿಗಳ ಲೇಖಕರ ನಡುವೆ ನಮ್ಮ ಕಣಿವೆ ಇದೆ. ಕಾವ್ಯಮೀಮಾಂಸೆಯನ್ನು ಕನ್ನಡದ ಓದುಗರಿಗೆ ತಿಳಿಯಾಗಿ ತಂದುಕೊಟ್ಟ ತೀ.ನಂ. ಶ್ರೀಕಂಠಯ್ಯನವರ ಊರು ತೀರ್ಥಪುರವೂ ಇದೇ ಚಿಕ್ಕನಾಯಕನಹಳ್ಳಿ ತಾಲ್ಲೂಕಿನದು. ವಾದಕ್ಕೆ ಬೇಕಾದ ಸಾಮಗ್ರಿ ಊರ ಸುತ್ತಲೇ ಇದೆ.

ಬೇಡ ಎನ್ನುವವರ ಮಾತಿಗಿಂತ ಮೊದಲು, ಬೇಕು ಎನ್ನುವವರ ಮಾತನ್ನು ಪೂರ್ತಿ ಕೇಳೋಣ.

ಅವರ ಮೊದಲ ಮಾತು ಓದುಗರ ಕಿವಿಯನ್ನು ಕುರಿತದ್ದು. ತೆಂಗಿನ ಸೀಮೆಯ ಕಿವಿ ಬೆಳೆದಿರುವುದು ಭಜನೆಯಲ್ಲಿ, ದೇವರನಾಮದಲ್ಲಿ, ಹರಿಕಥೆಯಲ್ಲಿ, ರಾತ್ರಿಯಿಡೀ ಮುಖವೀಣೆ ನುಡಿಯುವ ಮೂಡಲಪಾಯ ಯಕ್ಷಗಾನದಲ್ಲಿ, ಸೋಮನ ಕುಣಿತದ ವಾದ್ಯದಲ್ಲಿ. ಮೋಹನಲಾಲ ಹಾಡುವ ಖಯಾಲ್ ಗಾಯನ ಇಲ್ಲಿಯದಲ್ಲ. ಕನ್ನಡ ನಾಡಿನಲ್ಲಿ ಅದು ಬೆಳೆದದ್ದು ಹುಬ್ಬಳ್ಳಿ ಧಾರವಾಡದ ಕಡೆ, ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನಸೂರರಂಥವರ ನಾಡಿನಲ್ಲಿ. ಭೈರಪ್ಪನವರು ಹುಬ್ಬಳ್ಳಿಯ ಕಾಡಸಿದ್ಧೇಶ್ವರ ಕಾಲೇಜಿನಲ್ಲಿ ಕೆಲಸ ಮಾಡಿದವರು. ಆಮೇಲೆ ಗುಜರಾತು, ದೆಹಲಿಗಳಲ್ಲಿ ಇದ್ದವರು. ಆ ಸಂಗೀತ ಅವರಿಗೆ ದಕ್ಕಿದ್ದು ಊರಿನಿಂದ ಹೊರಗೆ. ತುರುವೇಕೆರೆಯ ಓದುಗರು ‘ಮಂದ್ರ’ವನ್ನು ಹಿಡಿದಾಗ ವಿಲಂಬಿತ ಲಯ ಎಂದರೆ ಎಷ್ಟು ನಿಧಾನ, ಒಂದೇ ಸ್ವರದ ಮೇಲೆ ವರ್ಷಗಟ್ಟಲೆ ನಿಲ್ಲುವುದೆಂದರೆ ಎಂಥ ತಪಸ್ಸು ಎಂಬುದು ಮಾತಿನಿಂದಷ್ಟೆ ಊಹೆಗೆ ಬರಬೇಕು. ಒಬ್ಬ ಒಳ್ಳೆಯ ಗಾಯಕರು ಅರ್ಧ ಗಂಟೆ ಮಂದ್ರಸ್ಥಾಯಿಯಲ್ಲಿ ನಿಂತು ಹಾಡಿ ತೋರಿಸಿದರೆ, ಗುರುವಿನ ಎದುರು ಶಿಷ್ಯ ಯಾಕೆ ಕಂಗಾಲಾಗುತ್ತಾನೆ ಎಂಬುದು ಹೇಳದೆ ಅರ್ಥವಾಗುತ್ತದೆ. ಈ ಕೇಳ್ವಿಕೆ ಓದಿಗೆ ಬದಲಿಯಲ್ಲ, ಓದಿನ ಭಾಗ ಎನ್ನುತ್ತಾರೆ ಅವರು.

ಎರಡನೆಯ ಮಾತು ಪರಂಪರೆಯದು, ಮತ್ತು ಅದು ಬಲವಾದದ್ದು. ಕನ್ನಡದಲ್ಲಿ ಕಾವ್ಯವನ್ನು ಮೌನವಾಗಿ ಓದುವ ರೂಢಿ ಹೊಸದು. ಕುಮಾರವ್ಯಾಸ, ಲಕ್ಷ್ಮೀಶರನ್ನು ಈ ಹಳ್ಳಿಗಳ ಜನ ಕಂಡದ್ದು ಗಮಕದಲ್ಲಿ. ಮಳೆ ತಡವಾದ ವರ್ಷ ದೇವಸ್ಥಾನದ ಪಡಸಾಲೆಯಲ್ಲಿ ವಿರಾಟಪರ್ವ ಓದಿಸುತ್ತಿದ್ದರು. ಓದಿಸುವುದೆಂದರೆ ಅಲ್ಲಿ ಹಾಡಿಸುವುದೇ. ಆ ಸಭೆಯ ರಚನೆಯನ್ನು ಗಮನಿಸಬೇಕು. ಒಬ್ಬರು ರಾಗವಾಗಿ ವಾಚಿಸುತ್ತಾರೆ, ಪಕ್ಕದಲ್ಲಿ ಇನ್ನೊಬ್ಬರು ಅರ್ಥ ಬಿಡಿಸಿ ವ್ಯಾಖ್ಯಾನ ಹೇಳುತ್ತಾರೆ. ಗಾಯನ ಮತ್ತು ಪಾಂಡಿತ್ಯ ಒಂದೇ ಚಾಪೆಯ ಮೇಲೆ ಕೂರುವ ಪದ್ಧತಿ ಅದು. ಸಾಹಿತ್ಯ ವಿದ್ವಾಂಸರು ಸಂಗೀತದ ಪಕ್ಕದಲ್ಲಿ ಕೂತರೆ ಅದು ಹೊಸ ಚಟುವಟಿಕೆಯೇನಲ್ಲ, ನೂರಾರು ವರ್ಷದಿಂದ ಅವರಿಗೇ ಮೀಸಲಾಗಿದ್ದ ಜಾಗ ಎಂಬುದು ಈ ಪಕ್ಷದ ವಾದ.

ಮೂರನೆಯದು ಸಂಶೋಧನೆಯ ಲಾಭ. ಇದಕ್ಕೆ ದೂರದ ಒಂದು ಉದಾಹರಣೆ ಚೆನ್ನಾಗಿ ಒಪ್ಪುತ್ತದೆ. ಇಂಗ್ಲಿಷ್ ಕಾದಂಬರಿಕಾರ್ತಿ ಜೇನ್ ಆಸ್ಟಿನ್ ಮನೆಯಲ್ಲಿ ಪಿಯಾನೊ ನುಡಿಸುತ್ತಿದ್ದರು; ಬೇಕಾದ ಹಾಡುಗಳ ಸ್ವರಲಿಪಿಯನ್ನು ಕೈಯಾರೆ ನಕಲು ಮಾಡಿಟ್ಟುಕೊಳ್ಳುತ್ತಿದ್ದರು. ಆಕೆಯ ಕುಟುಂಬದ ಸಂಗೀತದ ಪುಸ್ತಕಗಳು ಉಳಿದಿವೆ. ಆಸ್ಟ್ರೇಲಿಯಾದ ಅಡಿಲೇಡ್‌ನ ಫ್ಲಿಂಡರ್ಸ್ ವಿಶ್ವವಿದ್ಯಾಲಯದ ಸಾಹಿತ್ಯ ವಿದ್ವಾಂಸೆ ಗಿಲಿಯನ್ ಡೂಲಿ ಆ ಪುಸ್ತಕಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿ, ಯಾವ ಹಾಡು ಯಾವುದೆಂದು ಗುರುತಿಸಿದರು. ಅಷ್ಟಕ್ಕೇ ನಿಲ್ಲಿಸದೆ, ಆ ಸಂಗೀತವನ್ನು ಕಛೇರಿಗಳಲ್ಲಿ ಜನ ಕೇಳಬೇಕೆಂದು ಪಟ್ಟು ಹಿಡಿದರು. ಆಸ್ಟಿನ್ ಅವರ ಕಾದಂಬರಿಗಳಲ್ಲಿ ಒಬ್ಬ ಹುಡುಗಿ ಹೇಗೆ ನುಡಿಸುತ್ತಾಳೆ ಎಂಬುದೇ ಅವಳ ಸ್ವಭಾವದ ಅಳತೆ. ಒಂದು ಕಾದಂಬರಿಯಲ್ಲಿ, ಕಷ್ಟದ ಕೃತಿಯನ್ನು ಪ್ರದರ್ಶನಕ್ಕೆಂದು ನುಡಿಸುವ ತಂಗಿಗಿಂತ ಅಷ್ಟೇನೂ ಪಳಗದ, ಆದರೆ ಸಹಜವಾಗಿ ಹಾಡುವ ಅಕ್ಕನನ್ನು ಜನ ಇಷ್ಟಪಡುತ್ತಾರೆ. ಆ ಕಾಲದ ಕೃತಿಗಳನ್ನು ನಿಜವಾಗಿ ಕೇಳಿದವರಿಗೆ ಈ ವ್ಯತ್ಯಾಸ ಕಿವಿಗೇ ಗೊತ್ತಾಗುತ್ತದೆ. ಅಡಿಟಿಪ್ಪಣಿ ಎಷ್ಟೇ ಉದ್ದವಾಗಿದ್ದರೂ ಆ ತಿಳಿವನ್ನು ಕೊಡಲಾರದು.

ನಾಲ್ಕನೆಯದು, ಹಾಡೇ ಅಳಿಸಿಹೋಗುತ್ತಿರುವ ಸಂಕಟ. ‘ಗೃಹಭಂಗ’ (1970) ನಮ್ಮ ಸೀಮೆಯ ಕಾದಂಬರಿ. ಕಳೆದ ಶತಮಾನದ ಇಪ್ಪತ್ತರಿಂದ ನಲವತ್ತರ ದಶಕದವರೆಗಿನ ತಿಪಟೂರು, ಚನ್ನರಾಯಪಟ್ಟಣದ ಕಡೆಯ ಹಳ್ಳಿಯ ಬದುಕು ಅದರಲ್ಲಿದೆ. ಆ ಬದುಕಿನ ಒಳಗೆ ರಾಗಿ ಬೀಸುವ ಪದವಿತ್ತು, ಸೋಬಾನೆ ಇತ್ತು, ಆರತಿಯ ಹಾಡಿತ್ತು, ಜಂಗಮರ ತತ್ತ್ವಪದವಿತ್ತು. ಬೀಸುವ ಕಲ್ಲು ಮೂಲೆ ಸೇರಿದ ಮೇಲೆ ಬೀಸುವ ಪದಕ್ಕೆ ಬಾಯಿಯೇ ಇಲ್ಲವಾಗಿದೆ. ಮೈಸೂರು ವಿಶ್ವವಿದ್ಯಾಲಯದ ವಿದ್ವಾಂಸರಾದ ಜೀ.ಶಂ. ಪರಮಶಿವಯ್ಯನವರು ತಾವು ಕನ್ನಡದ ಪಂಡಿತರು, ಪುಸ್ತಕ ಬರೆದರೆ ಸಾಕು ಎಂದುಕೊಂಡಿದ್ದರೆ ಮೂಡಲಪಾಯದ ಬಗ್ಗೆ ನಮಗೆ ಇಂದು ಇರುವ ತಿಳಿವಳಿಕೆಯೂ ಆದರವೂ ಇರುತ್ತಿರಲಿಲ್ಲ. ಅವರು ಕಲಾವಿದರ ಬೆನ್ನಿಗೆ ನಿಂತರು. ಕಾದಂಬರಿಯ ನೆಪದಲ್ಲಿಯಾದರೂ ಇನ್ನೂ ಉಳಿದಿರುವ ಹಿರಿಯ ಹೆಂಗಸರನ್ನು ಕರೆದು ಹಾಡಿಸಿ, ದಾಖಲೆ ಮಾಡಿಕೊಂಡರೆ ಆಗುವ ಉಪಕಾರ ಸಣ್ಣದಲ್ಲ.

ಇನ್ನು ಬೇಡ ಎನ್ನುವವರ ಮಾತು. ಇದನ್ನು ಮಡಿವಂತಿಕೆ ಎಂದು ತಳ್ಳಿಹಾಕಲಾಗದು. ಇವರಲ್ಲಿ ಹೆಚ್ಚಿನವರು ಸಂಗೀತವನ್ನೂ ಕಾದಂಬರಿಯನ್ನೂ ಪ್ರೀತಿಸುವವರೇ.

ಕಾದಂಬರಿಯೊಳಗಿನ ಸಂಗೀತ ಸ್ವರದಿಂದ ಆದದ್ದಲ್ಲ, ವಾಕ್ಯದಿಂದ ಆದದ್ದು ಎನ್ನುವುದು ಇವರ ಮೊದಲ ಮಾತು. ಫ್ರೆಂಚ್ ಕಾದಂಬರಿಕಾರ ಮಾರ್ಸೆಲ್ ಪ್ರೂಸ್ಟ್ ತನ್ನ ಮಹಾಕಾದಂಬರಿಯಲ್ಲಿ ವಿಂಟಾಯ್ ಎಂಬ ಸಂಗೀತಗಾರನನ್ನು ಸೃಷ್ಟಿಸಿ, ಅವನ ಸೊನಾಟದ ಒಂದು ಚಿಕ್ಕ ಸ್ವರಗುಚ್ಛವನ್ನು ಒಂದು ಪ್ರೇಮದ ಏರಿಳಿತಕ್ಕೆ ಬೆಸೆದ. ಅದು ಯಾರ ಕೃತಿಯನ್ನು ನೆನೆದು ಬರೆದದ್ದೆಂದು ವಿದ್ವಾಂಸರು ನೂರು ವರ್ಷದಿಂದ ಹುಡುಕುತ್ತಿದ್ದಾರೆ. ಸೇಂಟ್ ಸಾನ್ಸ್, ಸೀಸರ್ ಫ್ರಾಂಕ್ ಮುಂತಾದ ಹೆಸರುಗಳನ್ನು ಹೇಳುತ್ತಾರೆ. ಆ ಕೃತಿಗಳನ್ನು ನುಡಿಸುತ್ತಾರೆ ಕೂಡ. ನುಡಿಸಿದ್ದು ಚೆನ್ನಾಗಿಯೇ ಇರುತ್ತದೆ, ಆದರೆ ಅದು ವಿಂಟಾಯ್‌ನ ಸೊನಾಟ ಆಗುವುದಿಲ್ಲ. ಮೋಹನಲಾಲನ ಗಾಯನವೂ ಹಾಗೆಯೇ. ಅವನು ಎಂಥ ದೊಡ್ಡ ಗಾಯಕ ಎಂದರೆ, ಅವನ ತಪ್ಪುಗಳೆಲ್ಲ ಗೊತ್ತಿದ್ದವರೂ ಅವನ ಎದುರು ಮಂತ್ರಮುಗ್ಧರಾಗಿ ಕೂರುತ್ತಾರೆ. ಆ ಕಂಠವನ್ನು ಪ್ರತಿಯೊಬ್ಬ ಓದುಗ ತನಗೆ ತಾನೇ ಕಟ್ಟಿಕೊಂಡಿರುತ್ತಾನೆ. ವೇದಿಕೆಯ ಮೇಲೆ ಒಬ್ಬರು ಬಂದು ಹಾಡಿದ ಕೂಡಲೇ ಆ ಸಾವಿರ ಕಂಠಗಳು ಹೋಗಿ ಒಂದು ಕಂಠ ಉಳಿಯುತ್ತದೆ. ನಮ್ಮ ತೀ.ನಂ.ಶ್ರೀ. 1953ರ ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿ ಬಿಡಿಸಿ ಹೇಳಿದ ಧ್ವನಿತತ್ತ್ವವನ್ನು ಇಲ್ಲಿ ನೆನೆಯಬೇಕು. ಸೂಚಿತವಾಗಿ ಉಳಿದಾಗ ಹೃದಯವನ್ನು ಮುಟ್ಟುವ ಅರ್ಥ, ಬಾಯಿಬಿಟ್ಟು ಹೇಳಿದಾಗ ಸೊರಗುತ್ತದೆ.

ಎರಡನೆಯ ಆಕ್ಷೇಪ ಇನ್ನೂ ಆಳವಾದದ್ದು. ಭೈರಪ್ಪನವರು ತತ್ತ್ವಶಾಸ್ತ್ರದ ವಿದ್ಯಾರ್ಥಿ. ಬರೋಡಾದಲ್ಲಿ ಸತ್ಯಕ್ಕೂ ಸೌಂದರ್ಯಕ್ಕೂ ಇರುವ ಸಂಬಂಧದ ಮೇಲೆ ಪ್ರಬಂಧ ಬರೆದು ಡಾಕ್ಟರೇಟ್ ಪಡೆದವರು. ‘ಮಂದ್ರ’ ಆ ಪ್ರಶ್ನೆಯ ಕಥಾರೂಪ. ನಾದದಲ್ಲಿ ಅಷ್ಟು ಎತ್ತರಕ್ಕೆ ಏರಿದ ಮನುಷ್ಯ ನಡತೆಯಲ್ಲಿ ಅಷ್ಟು ಕೆಳಗೆ ಹೇಗೆ ಇದ್ದ? ಕಲೆಯ ಸೊಗಸು ಕಲಾವಿದನ ತಪ್ಪನ್ನು ತೊಳೆಯುತ್ತದೆಯೆ? ಶಿಷ್ಯೆ ಮಧುಮಿತಾಳ ನೋವನ್ನು ಓದಿದವರಿಗೆ ಅವನ ಪ್ರತಿಯೊಂದು ಸ್ವರವೂ ಸುಖದ ಜೊತೆ ಸಂಕಟವನ್ನೂ ಕೊಡುತ್ತದೆ. ಕಾದಂಬರಿಯ ಸಾಧನೆ ಇರುವುದು ಆ ಸಂಕಟದಲ್ಲಿ. ಕಛೇರಿಯಲ್ಲಿ ಏನಾಗುತ್ತದೆ? ರಾಗ ಮಾತ್ರ ಉಳಿಯುತ್ತದೆ. ಜನ ತಲೆದೂಗುತ್ತಾರೆ, ಚಪ್ಪಾಳೆ ತಟ್ಟುತ್ತಾರೆ. ಕಾದಂಬರಿ ಯಾವ ಮೋಹದ ಬಗ್ಗೆ ಎಚ್ಚರಿಸಿತ್ತೋ ಅದೇ ಮೋಹಕ್ಕೆ ಕಾದಂಬರಿಯ ಹೆಸರಿನಲ್ಲೇ ಒಳಗಾಗುತ್ತಾರೆ.

‘ಗೃಹಭಂಗ’ಕ್ಕೆ ಈ ಮಾತು ಬೇರೆ ರೀತಿಯಲ್ಲಿ ಅನ್ವಯಿಸುತ್ತದೆ. ಶಾನುಭೋಗಿಕೆಯ ಲೆಕ್ಕ ಬರೆದು ಸಂಸಾರ ಎಳೆಯುವ ನಂಜಮ್ಮ, ಹಸಿವು, ಕ್ಷಾಮ, ಪ್ಲೇಗು, ಬೆಳೆದ ಮಕ್ಕಳ ಸಾವು: ಇದು ಆ ಪುಸ್ತಕ. ಅದರ ಹೆಸರಿನಲ್ಲಿ ನಡೆಯುವ ಸಂಗೀತ ಸಂಜೆಯಲ್ಲಿ ಸೋಬಾನೆ, ಸುಗ್ಗಿ, ಲಾಲಿ ಹಾಡುಗಳಿಗೆ ಜಾಗ ಸಿಗುತ್ತದೆ, ಪ್ಲೇಗಿಗೆ ಸಿಗುವುದಿಲ್ಲ. ಕೇಳಿದವರು ನಮ್ಮ ಹಿಂದಿನ ಹಳ್ಳಿ ಎಷ್ಟು ಚೆಂದವಿತ್ತು ಎಂದುಕೊಂಡು ಮನೆಗೆ ಹೋಗುತ್ತಾರೆ. ಲೇಖಕರು ಹೇಳಿದ್ದು ಅದಲ್ಲ.

ಮೂರನೆಯದು ವಿದ್ವಾಂಸರ ಮಾತಿಗಿರುವ ತೂಕದ ಪ್ರಶ್ನೆ. ಒಬ್ಬ ಗಾಯಕರು ತಮ್ಮ ಇಷ್ಟದಂತೆ ‘ಮಂದ್ರ’ದ ನೆನಪಿನಲ್ಲಿ ಹಾಡಿದರೆ ಅದು ಅವರ ಪ್ರೀತಿ. ವಿದ್ವಾಂಸರು ಪಕ್ಕದಲ್ಲಿ ಕೂತು ಇದು ಕಾದಂಬರಿಯ ಸಂಗೀತ ಎಂದ ಕೂಡಲೇ ಅದಕ್ಕೊಂದು ಮುದ್ರೆ ಬೀಳುತ್ತದೆ. ಚನ್ನರಾಯಪಟ್ಟಣದವರೇ ಆದ ಸಿ. ಅಶ್ವಥ್ ಅವರ ಉದಾಹರಣೆ ಇಲ್ಲಿ ಎರಡೂ ಕಡೆಗೆ ಸಲ್ಲುತ್ತದೆ. ಕನ್ನಡದ ಪ್ರಾಧ್ಯಾಪಕರೂ ಕವಿಯೂ ಆದ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಶಿಶುನಾಳ ಶರೀಫರ ಪದಗಳನ್ನು ಮುಂದಿಟ್ಟರು, ಅಶ್ವಥ್ ಹಾಡಿದರು, ನಾಡಿನ ಮನೆಮನೆಗೆ ಶರೀಫರು ಬಂದರು. ವಿದ್ವಾಂಸರೂ ಗಾಯಕರೂ ಕೂಡಿದರೆ ಏನಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಆದರೆ ಶಿಶುನಾಳದ ಕಡೆಯ ಭಜನಾ ಮೇಳಗಳ ಧಾಟಿಯನ್ನು ಕೇಳಿರದ ದಕ್ಷಿಣದ ನಮಗೆ, ಅಶ್ವಥ್ ಅವರ ಧಾಟಿಯೇ ಶರೀಫರ ಧಾಟಿ ಎಂದಾಯಿತು. ಹಾಡಲೆಂದೇ ಹುಟ್ಟಿದ ಪದಕ್ಕೆ ಹೀಗಾದರೆ, ಓದಲೆಂದು ಹುಟ್ಟಿದ ಗದ್ಯಕ್ಕೆ ಇನ್ನೆಷ್ಟು ಆಗಬಹುದು ಎಂದು ಇವರು ಕೇಳುತ್ತಾರೆ.

ನಾಲ್ಕನೆಯದು ಓದಿನ ಕಾಲಾವಧಿಯದು. ತಿಪಟೂರಿನ ಉಂಡೆ ಕೊಬ್ಬರಿ ಹೇಗೆ ಆಗುತ್ತದೆಂದು ಇಲ್ಲಿಯ ಮಕ್ಕಳಿಗೂ ಗೊತ್ತು. ಕಾಯಿ ವರ್ಷದ ಹತ್ತಿರ ಅಟ್ಟದ ಮೇಲೆ ಇರಬೇಕು, ಒಳಗಿನ ನೀರು ತಾನಾಗಿ ಇಂಗಬೇಕು, ಕೊಬ್ಬರಿ ತಾನಾಗಿ ಚಿಪ್ಪು ಬಿಡಬೇಕು. ಆತುರಪಟ್ಟು ಮೊದಲೇ ಒಡೆದರೆ ಕೊಬ್ಬರಿ ಸಿಕ್ಕುವುದಿಲ್ಲ. ದೊಡ್ಡ ಕಾದಂಬರಿಯೂ ಓದುಗರೊಳಗೆ ಹಾಗೆಯೇ ಮಾಗಬೇಕು. ಎರಡು ಗಂಟೆಯ ಕಾರ್ಯಕ್ರಮ ನೋಡಿದವರಿಗೆ ಪುಸ್ತಕವನ್ನೇ ಓದಿದಂತಾಯಿತು ಎನಿಸಿದರೆ, ಓದಬೇಕಾಗಿದ್ದ ಪುಸ್ತಕ ಕಪಾಟಿನಲ್ಲೇ ಉಳಿಯುತ್ತದೆ.

ಎರಡೂ ಕಡೆಯ ಮಾತಿನಲ್ಲಿ ಸತ್ಯವಿದೆ. ಯಾವುದು ಎಷ್ಟು ನಿಜ ಎಂದು ತಿಳಿಯಲು, ಕನ್ನಡದಲ್ಲಿ ಈಗಾಗಲೇ ನಡೆದುಹೋದ ಪ್ರಯೋಗಗಳನ್ನು ನೋಡುವುದು ಒಳ್ಳೆಯದು.

‘ಹಂಸಗೀತೆ’ ಎರಡು ಸಲ ಸಂಗೀತವಾಯಿತು. 1956ರಲ್ಲಿ ಅದರ ಕಥೆಯನ್ನು ಆಧರಿಸಿ ಹಿಂದಿಯಲ್ಲಿ ‘ಬಸಂತ್ ಬಹಾರ್’ ಚಿತ್ರ ಬಂತು. ಶಂಕರ್ ಜೈಕಿಶನ್ ಅವರ ಸಂಗೀತದಲ್ಲಿ ಭೀಮಸೇನ ಜೋಶಿಯವರೂ ಮನ್ನಾ ಡೇ ಅವರೂ ಕೂಡಿ ಹಾಡಿದ ಸ್ಪರ್ಧೆಯ ಹಾಡು ಇಂದಿಗೂ ಭಾರತದ ಉದ್ದಗಲಕ್ಕೆ ಜನಪ್ರಿಯ. ಅದನ್ನು ಮೆಚ್ಚುವ ಲಕ್ಷಾಂತರ ಜನರಲ್ಲಿ ಎಷ್ಟು ಮಂದಿಗೆ ಅದರ ಹಿಂದೆ ಚಿತ್ರದುರ್ಗದ ಒಬ್ಬ ಕನ್ನಡ ಕಾದಂಬರಿಕಾರ ಇದ್ದಾನೆಂದು ತಿಳಿದಿದೆ? ಹಾಡು ಉಳಿಯಿತು, ಪುಸ್ತಕದ ಹೆಸರು ಅದರಿಂದ ಕಳಚಿಬಿತ್ತು. 1975ರಲ್ಲಿ ಜಿ.ವಿ. ಅಯ್ಯರ್ ಅದೇ ಕಾದಂಬರಿಯನ್ನು ಕನ್ನಡದಲ್ಲಿ ಚಿತ್ರ ಮಾಡಿದರು. ಎಂ. ಬಾಲಮುರಳಿಕೃಷ್ಣ ಮತ್ತು ಬಿ.ವಿ. ಕಾರಂತರು ಸಂಗೀತ ಕೊಟ್ಟರು. ಬಾಲಮುರಳಿಯವರಿಗೆ ಅದರ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಈ ಚಿತ್ರ ಕನ್ನಡಿಗರನ್ನು ಕಾದಂಬರಿಯ ಹತ್ತಿರಕ್ಕೇ ಕರೆತಂದಿತು. ಒಂದೇ ಕೃತಿ, ಎರಡೂ ಸಲ ಅತ್ಯುತ್ತಮ ಗಾಯಕರು, ಫಲ ಬೇರೆ ಬೇರೆ. ವ್ಯತ್ಯಾಸಕ್ಕೆ ಕಾರಣ ಹಾಡಿನ ಗುಣವಲ್ಲ. ಹಾಡಿನ ಜೊತೆಗೆ ಕೃತಿಯ ನೆಲ, ಹೆಸರು, ಪ್ರಶ್ನೆ ಇವು ಬಂದವೋ ಇಲ್ಲವೋ ಎಂಬುದು.

‘ಹಂಸಗೀತೆ’ ಇನ್ನೊಂದನ್ನೂ ಕಲಿಸುತ್ತದೆ. ಅದರ ನಾಯಕ ಭೈರವಿ ವೆಂಕಟಸುಬ್ಬಯ್ಯ ದೊರೆತನದ ಎದುರು ಹಾಡಲೊಲ್ಲದೆ ತನ್ನ ನಾಲಿಗೆಯನ್ನೇ ಕತ್ತರಿಸಿಕೊಳ್ಳುತ್ತಾನೆ. ಸಂಗೀತದ ಕಾದಂಬರಿಯ ತುತ್ತತುದಿಯಲ್ಲಿ ಸಂಗೀತ ಇಲ್ಲ. ಆ ನಿರಾಕರಣೆಯನ್ನು ಯಾವ ಕಛೇರಿಯೂ ಹಾಡಿ ತೋರಿಸಲಾರದು. ಗದ್ಯ ಮಾತ್ರ ಹೇಳಬಲ್ಲದು. ಬೇಡ ಎನ್ನುವವರ ವಾದಕ್ಕೆ ಇದು ದೊಡ್ಡ ಆಧಾರ, ಮತ್ತು ಬೇಕು ಎನ್ನುವವರು ಇದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು.

ಇನ್ನೊಂದು ಪ್ರಯೋಗ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’. 1967ರ ಆ ಕಾದಂಬರಿಯನ್ನು ಕನ್ನಡ ಪ್ರಾಧ್ಯಾಪಕರಾದ ಕೆ.ವೈ. ನಾರಾಯಣಸ್ವಾಮಿ ರಂಗರೂಪಕ್ಕೆ ತಂದರು. ಸಿ. ಬಸವಲಿಂಗಯ್ಯನವರ ನಿರ್ದೇಶನ, ಹಂಸಲೇಖ ಅವರ ಸಂಗೀತದಲ್ಲಿ 2010ರಲ್ಲಿ ಮೈಸೂರಿನ ರಂಗಾಯಣ ಅದನ್ನು ರಾತ್ರಿಯಿಂದ ಬೆಳಗಿನವರೆಗೆ ಬಯಲಿನಲ್ಲಿ ಆಡಿತು. ಇಲ್ಲಿ ವಿದ್ವಾಂಸರು ಬೆಂಬಲಕ್ಕಷ್ಟೇ ನಿಲ್ಲಲಿಲ್ಲ. ಕಾದಂಬರಿಯಲ್ಲಿ ಇಲ್ಲದ ಹಾಡುಗಳನ್ನೇ ಬರೆದುಕೊಟ್ಟರು. ಗದ್ಯದ ನಿಧಾನ, ಕಾಡಿನ ವರ್ಣನೆಯ ಸಾಂದ್ರತೆ ಹಾಡಿನ ವೇಗದಲ್ಲಿ ಕಡಿಮೆಯಾಯಿತು ಎನ್ನುವವರ ಮಾತಿಗೆ ಕಾರಣವಿದೆ. ಆದರೆ ಆ ದಪ್ಪ ಪುಸ್ತಕವನ್ನು ಎಂದೂ ಕೈಗೆತ್ತಿಕೊಳ್ಳದವರು ಬೆಳಗಿನವರೆಗೆ ಕೂತು ಗುತ್ತಿ, ಐತ, ಪೀಂಚಲು ಇವರ ಕಥೆಯನ್ನು ನೋಡಿದರು. ಅದನ್ನು ಹೊಸ ಕೃತಿ ಎಂದೇ ಮುಂದಿಟ್ಟದ್ದರಿಂದ ಯಾರಿಗೂ ಮೋಸವಾಗಲಿಲ್ಲ. ಕಾದಂಬರಿ ತನ್ನ ಜಾಗದಲ್ಲಿ ಹಾಗೆಯೇ ಇದೆ.

ಈ ಉದಾಹರಣೆಗಳನ್ನು ಜೊತೆಗಿಟ್ಟು ನೋಡಿದಾಗ ನನಗೆ ಒಂದು ಗೆರೆ ಕಾಣುತ್ತದೆ. ಕಾದಂಬರಿಗೆ ಸಂಬಂಧಿಸಿದ ಸಂಗೀತ ಎಂದು ನಾವು ಒಂದೇ ಉಸಿರಿನಲ್ಲಿ ಹೇಳುವುದರಲ್ಲಿ ಎರಡು ಬಗೆ ಇವೆ. ಒಂದು, ಕಾದಂಬರಿ ಹುಟ್ಟುವ ಮೊದಲೇ ಲೋಕದಲ್ಲಿ ಇದ್ದದ್ದು: ಖಯಾಲ್‌ನ ಪದ್ಧತಿ, ರಾಗಗಳು, ಹಳೆಯ ಬಂದಿಶ್‌ಗಳು, ತೆಂಗಿನ ಸೀಮೆಯ ಬೀಸುವ ಪದ, ಆಸ್ಟಿನ್ ಮನೆಯ ಸ್ವರಲಿಪಿಯ ಪುಸ್ತಕ. ಇನ್ನೊಂದು, ಕಾದಂಬರಿಯೊಳಗೆ ಮಾತ್ರ ಇರುವುದು: ಮೋಹನಲಾಲ ಒಂದು ರಾತ್ರಿ ಹಾಡಿದ್ದು, ವೆಂಕಟಸುಬ್ಬಯ್ಯ ಹಾಡದೆ ಉಳಿಸಿದ್ದು, ವಿಂಟಾಯ್‌ನ ಸೊನಾಟ. ಮೊದಲನೆಯದನ್ನು ಹಾಡಬೇಕು, ಹಾಡಿಸಬೇಕು. ಸಾಹಿತ್ಯ ವಿದ್ವಾಂಸರು ಅದಕ್ಕೆ ಪೂರ್ತಿ ಮನಸ್ಸಿನಿಂದ ಬೆಂಬಲ ಕೊಡಬೇಕು. ಎರಡನೆಯದನ್ನು ಹಾಡುತ್ತೇವೆಂದು ಯಾರೂ ಹೇಳಿಕೊಳ್ಳಬಾರದು. ಹೇಳಿಕೊಂಡರೆ ವಿದ್ವಾಂಸರು ಅಲ್ಲ ಎನ್ನಬೇಕು. ಈ ಗೆರೆಯನ್ನು ಕಾಯುವುದು ಗಾಯಕರ ಕೆಲಸವಲ್ಲ, ವಿದ್ವಾಂಸರದೇ. ಅವರು ಪಕ್ಕದಲ್ಲಿ ಕೂರಬೇಕಾದದ್ದು ಮುಖ್ಯವಾಗಿ ಇದಕ್ಕೆ.

ಹಾಗಾದರೆ ಬೇಡ ಎನ್ನುವವರ ನೈತಿಕ ಆಕ್ಷೇಪಕ್ಕೆ ಏನು ಉತ್ತರ? ಗಮಕದ ಸಭೆಯಲ್ಲೇ ಉತ್ತರವಿದೆ. ವ್ಯಾಖ್ಯಾನಕಾರರು ಹಾಡಿನ ಸೊಗಸನ್ನು ಹೊಗಳಿ ಸುಮ್ಮನಾಗುವುದಿಲ್ಲ. ದ್ಯೂತದ ಸಭೆಯ ಪದ್ಯ ಎಷ್ಟೇ ಇಂಪಾಗಿ ಬಂದರೂ, ಅಲ್ಲಿ ದ್ರೌಪದಿಗೆ ಆದ ಅನ್ಯಾಯವನ್ನು ಅವರು ಕೇಳುಗರ ಎದುರು ಇಟ್ಟೇ ಇಡುತ್ತಾರೆ. ‘ಮಂದ್ರ’ದ ಸಂಜೆಯಲ್ಲೂ ಹಾಗೆಯೇ ಆಗಬೇಕು. ಆಲಾಪ ಮುಗಿದ ಮೇಲೆ, ಕೇಳುಗರು ಇನ್ನೂ ಆ ಗುಂಗಿನಲ್ಲಿರುವಾಗಲೇ, ಮಧುಮಿತಾಳ ನೋವಿನ ಪುಟವನ್ನು ಗಟ್ಟಿಯಾಗಿ ಓದಬೇಕು. ಈಗ ತಾನೇ ತಲೆದೂಗಿದ ನಾವು ಈ ಪುಟಕ್ಕೆ ಏನು ಹೇಳುತ್ತೇವೆ ಎಂದು ಕೇಳಬೇಕು. ಕಾದಂಬರಿಯನ್ನು ಮೌನವಾಗಿ ಓದಿದವರಿಗೂ ಇಷ್ಟು ನೇರವಾಗಿ ಆ ಪ್ರಶ್ನೆ ತಾಗಿರಲಾರದು, ಏಕೆಂದರೆ ನಾದದ ಮೋಹವನ್ನು ಅವರು ಕಿವಿಯಲ್ಲಿ ಅನುಭವಿಸಿರುವುದಿಲ್ಲ. ಹೀಗೆ ಮಾಡಿದರೆ ಸಂಗೀತ ಕಾದಂಬರಿಯ ಪ್ರಶ್ನೆಯನ್ನು ಅಳಿಸುವುದಿಲ್ಲ, ಹರಿತ ಮಾಡುತ್ತದೆ. ‘ಗೃಹಭಂಗ’ದ ಸಂಜೆಯಲ್ಲಿ ಸೋಬಾನೆ ಹಾಡಿದ ಹಿಂದೆಯೇ ಪ್ಲೇಗಿನ ಪುಟಗಳು ಬರಬೇಕು. ಹಾಡು ಹಾಡಿದ ಮನೆಗಳಿಗೇ ಆ ಸಾವು ಬಂದದ್ದು ಎಂಬುದನ್ನು ಕೇಳುಗರು ಒಂದೇ ಕೂಟದಲ್ಲಿ ತಿಳಿಯಬೇಕು.

ಕಾನೂನಿನ ಒಂದು ವಿಷಯವನ್ನೂ ಹೇಳಬೇಕು. ನಮ್ಮ ಕೃತಿಸ್ವಾಮ್ಯದ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. 1984ರಲ್ಲಿ ತೀರಿಕೊಂಡ ತ.ರಾ.ಸು. ಅವರ ಕೃತಿಗಳಿಗೆ 2044ರ ಕೊನೆಯವರೆಗೆ, ಭೈರಪ್ಪನವರ ಕೃತಿಗಳಿಗೆ 2085ರ ಕೊನೆಯವರೆಗೆ. ಪರಂಪರೆಯ ಬಂದಿಶ್‌ಗೂ ಬೀಸುವ ಪದಕ್ಕೂ ಈ ತಡೆ ಇಲ್ಲ. ಟಿಕೆಟ್ ಇಟ್ಟು ಕಾರ್ಯಕ್ರಮ ಮಾಡುವವರು ಕಾದಂಬರಿಯ ಪುಟಗಳನ್ನು ಓದುವುದಾದರೆ ಹಕ್ಕುದಾರರ ಒಪ್ಪಿಗೆ ಪಡೆಯುವುದು ಕ್ರಮ. ನಾನು ಮೇಲೆ ಹೇಳಿದ ಗೆರೆಯೂ ಕಾನೂನಿನ ಗೆರೆಯೂ ಹತ್ತಿರ ಹತ್ತಿರವೇ ಹೋಗುತ್ತವೆ: ಲೋಕದ್ದು ಎಲ್ಲರದು, ಲೇಖಕರದು ಕೇಳಿ ಪಡೆಯಬೇಕಾದದ್ದು.

ತಾಲ್ಲೂಕು ಮಟ್ಟದ ಒಂದು ಕಾಲೇಜೋ ಸಾಹಿತ್ಯ ಪರಿಷತ್ತಿನ ಘಟಕವೋ ಇಂಥ ಕೆಲಸಕ್ಕೆ ಕೈ ಹಾಕಿದರೆ ಹೇಗಿರಬೇಕು? ಒಂದು ಸಂಜೆಗೆ ಒಂದೇ ಕೃತಿ ಸಾಕು. ಖಯಾಲ್‌ಗೆ ಆ ಪದ್ಧತಿಯಲ್ಲೇ ಪಳಗಿದವರನ್ನು ಕರೆಸಬೇಕು. ಸಿನಿಮಾ ಧಾಟಿಯ ಅನುಕರಣೆ ಬೇಡ. ನಮ್ಮ ಸೀಮೆಯ ಪದಗಳಿಗೆ ಆ ಪದಗಳನ್ನು ತಾಯಿಯಿಂದ ಕಲಿತ ಹೆಂಗಸರೇ ಬರಬೇಕು. ಅವರಿಗೆ ನಗರದ ಕಲಾವಿದರಿಗೆ ಕೊಡುವ ಗೌರವವನ್ನೂ ಸಂಭಾವನೆಯನ್ನೂ ಕೊಡಬೇಕು, ಹಾಡಿದ್ದನ್ನು ಹೆಸರು ಊರುಗಳ ಸಮೇತ ದಾಖಲಿಸಿಡಬೇಕು. ವಿದ್ವಾಂಸರು ಮೊದಲೇ ಹೇಳಬೇಕು: ಇದು ಕಾದಂಬರಿಯಲ್ಲಿ ಹೆಸರಿಸಿರುವ ರಾಗ, ಇದು ಆ ಕಾಲದಲ್ಲಿ ಈ ಹಳ್ಳಿಗಳಲ್ಲಿದ್ದ ಪದ, ಇದು ಕಾದಂಬರಿಯಲ್ಲಿ ಇಲ್ಲದ, ನಾವೇ ಆರಿಸಿಕೊಂಡ ಹಾಡು. ಪ್ರತಿಯೊಂದನ್ನೂ ಹೀಗೆ ಬೇರೆ ಮಾಡಿ ತೋರಿಸಿದರೆ ಮೂರನೆಯ ಆಕ್ಷೇಪದ ಬಹುಪಾಲು ಇಲ್ಲವಾಗುತ್ತದೆ. ಸನ್ಮಾನ, ಭಾಷಣ, ಹಾರತುರಾಯಿಗಳನ್ನು ಬೇರೆ ದಿನಕ್ಕಿಟ್ಟು, ಆ ಹೊತ್ತನ್ನು ಓದಿಗೆ ಕೊಡಬೇಕು.

ಬೇಡ ಎನ್ನುವವರ ಒಂದು ಭಯ ಇಷ್ಟಾದರೂ ಉಳಿಯುತ್ತದೆ, ಅದನ್ನು ನಾನು ಅಲ್ಲಗಳೆಯಲಾರೆ. ಒಮ್ಮೆ ಕೇಳಿದ ಕಂಠ ಓದುಗರ ಒಳಗಿನ ಕಂಠವನ್ನು ಸ್ವಲ್ಪವಾದರೂ ಬದಲಿಸುತ್ತದೆ. ಇದಕ್ಕೆ ಪೂರ್ತಿ ಪರಿಹಾರವಿಲ್ಲ. ಕಾದಂಬರಿಯನ್ನು ಮೊದಲು ಓದಿ ಆಮೇಲೆ ಬನ್ನಿ ಎಂದು ಕೇಳಿಕೊಳ್ಳಬಹುದು, ಅಷ್ಟೆ. ಆದರೆ ಇದಕ್ಕೆ ಎದುರಾಗಿ ಇಡಬೇಕಾದ ನಷ್ಟ ಇನ್ನೂ ದೊಡ್ಡದು. ಬೀಸುವ ಪದ ಬಲ್ಲ ಕೊನೆಯ ತಲೆಮಾರು ಹೋದ ಮೇಲೆ ‘ಗೃಹಭಂಗ’ದ ಹಳ್ಳಿಯ ಸದ್ದು ಯಾರಿಗೂ ಸಿಗುವುದಿಲ್ಲ. ಖಯಾಲ್ ಎಂದರೇನೆಂದು ಎಂದೂ ಕೇಳದ ಓದುಗರಿಗೆ, 2010ರ ಸರಸ್ವತಿ ಸಮ್ಮಾನ ತಂದುಕೊಟ್ಟ ‘ಮಂದ್ರ’ದ ಅರ್ಧಭಾಗ ಬರಿಯ ಹೆಸರುಗಳ ಪಟ್ಟಿಯಾಗಿ ಉಳಿಯುತ್ತದೆ. ಒಳಗಿನ ಕಂಠ ಬದಲಾಗುವುದು ಓದಿನ ಸೂಕ್ಷ್ಮತೆಗೆ ಆಗುವ ಹಾನಿ. ಎಂದೂ ಕೇಳದೆ ಉಳಿಯುವುದೆಂದರೆ ಓದೇ ಪೂರ್ತಿ ಆಗದಿರುವುದು. ತೂಗಿ ನೋಡಿದಾಗ ನನ್ನ ಮನಸ್ಸು ಹಾಡಿಸುವ ಕಡೆಗೆ ವಾಲುತ್ತದೆ.

ವಾಲುವುದು ಒಂದು ಷರತ್ತಿನ ಮೇಲೆ. ಕಾರ್ಯಕ್ರಮಕ್ಕೆ ಎಷ್ಟು ಜನ ಬಂದರು ಎಂಬುದು ಅದರ ಯಶಸ್ಸಿನ ಅಳತೆಯಾಗಬಾರದು. ಮಾರನೆಯ ವಾರ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಗ್ರಂಥಾಲಯಗಳಲ್ಲಿ ‘ಮಂದ್ರ’, ‘ಗೃಹಭಂಗ’, ‘ಹಂಸಗೀತೆ’ಗಳನ್ನು ಎಷ್ಟು ಜನ ಕೇಳಿ ಪಡೆದರು ಎಂಬುದು ಅಳತೆಯಾಗಬೇಕು. ಸಂಗೀತಕ್ಕೆ ಬೆಂಬಲ ಕೊಡುವ ಸಾಹಿತ್ಯ ವಿದ್ವಾಂಸರು ಆ ಲೆಕ್ಕವನ್ನು ತಾವೇ ಹೋಗಿ ವಿಚಾರಿಸಲಿ. ಓದುವವರು ಹೆಚ್ಚಿದ್ದರೆ ಮುಂದಿನ ಕೃತಿಗೆ ಧೈರ್ಯವಾಗಿ ಗಾಯಕರನ್ನು ಕರೆಯಲಿ; ಹೆಚ್ಚದಿದ್ದರೆ, ಎಲ್ಲಿ ತಪ್ಪಿತೆಂದು ಕೇಳಿಕೊಂಡು ಕಾರ್ಯಕ್ರಮದ ರೀತಿಯನ್ನೇ ಬದಲಿಸಲಿ.